ಎರಡು ಡಬ್ಬಿಗಳ ರಕ್ತ

ನಮ್ಮ ಕೂಟಗಲ್ ಕಡೆ ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಒಂದು ಮಾತು ಕಲಿಸುತ್ತಾರೆ. ರೋಗ ಬಿದ್ದ ಹುಳುಮನೆಗೆ ಹೋಗಿ ಬಂದವರು ಅವತ್ತು ಇನ್ನೊಂದು ಹುಳುಮನೆಯ ಹೊಸ್ತಿಲು ತುಳಿಯಬಾರದು. ಸ್ನಾನ ಮಾಡಬೇಕು, ಬಟ್ಟೆ ಬದಲಾಯಿಸಬೇಕು, ಒಂದು ದಿನ ಬಿಟ್ಟು ಹೋಗಬೇಕು. ನನಗೆ ಇದನ್ನು ಕಲಿಸಿದವಳು ದೊಡ್ಡವ್ವ, ನಮ್ಮವ್ವನ ಅಕ್ಕ. ಒಮ್ಮೆ ಮರೆತು ಕಾಲಿಟ್ಟಿದ್ದಕ್ಕೆ ಬೆನ್ನಿಗೆ ಸರಿಯಾಗಿ ಬಿಟ್ಟಿದ್ದಳು. ಆ ಪಾಠ ಮೈಗೆ ಅಂಟಿಹೋಯಿತು. ಅಂಟದಿದ್ದರೇ ಚೆನ್ನಾಗಿತ್ತು.

ಓದಿ ಓದಿ ಕೊನೆಗೆ ನಾನು ಸೇರಿದ್ದು ಅದೇ ಹುಳುಗಳ ರಕ್ತ ನೋಡುವ ಲ್ಯಾಬಿಗೆ. ರಾಮನಗರದಿಂದ ದಿನಾ ರೈಲಿನಲ್ಲಿ ಓಡಾಟ. ಹುಳುವಿನ ಒಂದು ಹನಿ ರಕ್ತದಲ್ಲಿ ಸಾವಿರಾರು ಪ್ರೋಟೀನುಗಳಿರುತ್ತವೆ. ಅವನ್ನು ಚೂರು ಮಾಡಿ, ಕೂದಲಿನಷ್ಟು ಸಣ್ಣ ಕೊಳವೆಯಲ್ಲಿ ಹಾಯಿಸಿ, ಒಂದೊಂದು ಚೂರನ್ನೂ ತೂಗಿ, ಯಾವುದು ಎಷ್ಟಿದೆ ಎಂದು ಹೇಳುವ ಯಂತ್ರಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಎನ್ನುತ್ತಾರೆ. ಹುಳು ಮೇವು ಬಿಟ್ಟು ಮೆತ್ತಗಾಗಿ ಸಾಯುವ ಸಪ್ಪೆ ರೋಗ ಹೊರಗೆ ಕಾಣುವ ಮೊದಲೇ ರಕ್ತದಲ್ಲಿ ಅದರ ಗುರುತು ಹಿಡಿಯಬೇಕು ಎಂಬುದು ನನ್ನ ಆಸೆ. ದೊಡ್ಡವ್ವನ ಎರಡು ಬೆಳೆ ಒಂದರ ಹಿಂದೊಂದು ಸಪ್ಪೆಗೆ ಹೋಗಿತ್ತು. ಇನ್ನೊಂದು ಹೋದರೆ ಹುಳು ಸಾಕುವುದನ್ನೇ ಬಿಡುತ್ತೇನೆ ಎಂದಿದ್ದಳು.

ಕಲ್ಯದ ಕಡೆ ರೋಗ ಬಿದ್ದ ಮನೆಗಳಿಂದ ರಕ್ತ ತಂದೆ. ನಮ್ಮೂರ ಸುತ್ತ ಚೆನ್ನಾಗಿದ್ದ ಮನೆಗಳಿಂದಲೂ ತಂದೆ. ರೋಗದ್ದು ಒಂದು ಡಬ್ಬಿ, ಒಳ್ಳೆಯದು ಒಂದು ಡಬ್ಬಿ. ರೋಗದ ಡಬ್ಬಿಯನ್ನು ಮೊದಲ ವಾರ, ಯಂತ್ರದಲ್ಲಿ ತಿಂಗಳುಗಳಿಂದ ಇದ್ದ ಕೊಳವೆಯಲ್ಲೇ ಹಾಯಿಸಿ ಮುಗಿಸಿದೆ. ಆಮೇಲೆ ಎಲ್ಲ ತೊಳೆದು, ಆ ಹಳೆಯ ಕೊಳವೆ ಕಿತ್ತು ಹೊಸದು ಹಾಕಿ, ಮುಂದಿನ ವಾರ ಒಳ್ಳೆಯ ಡಬ್ಬಿ ಮುಟ್ಟಿದೆ. ಇಷ್ಟು ಮಡಿಯಿಂದ ಆ ಲ್ಯಾಬಿನಲ್ಲಿ ಯಾರೂ ಕೆಲಸ ಮಾಡಿರಲಿಕ್ಕಿಲ್ಲ. ಏನು ಜಂಬ ನನಗೆ!

ಒಂದು ಪ್ರೋಟೀನು ರೋಗದ ಹುಳುಗಳಲ್ಲೆಲ್ಲ ಜಾಸ್ತಿ, ಒಳ್ಳೆಯ ಹುಳುಗಳಲ್ಲೆಲ್ಲ ಕಡಿಮೆ ಬಂತು. ಒಂದೂ ಆಚೀಚೆ ಇಲ್ಲ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೈಡ್ ಮೇಡಂ ಇನ್ನೊಂದು ಸಲ ಮಾಡಿ ನೋಡಿ ಆಮೇಲೆ ಕುಣಿ ಎಂದರು. ಹೊಟ್ಟೆಕಿಚ್ಚು ಇವರಿಗೆ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಎರಡು ತಿಂಗಳಾದ ಮೇಲೆ ದೊಡ್ಡವ್ವನ ಹುಳುಗಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದವು. ಇನ್ನೊಂದು ವಾರ ಮೇಯ್ದರೆ ಗೂಡು. ಹತ್ತು ಹುಳುಗಳ ರಕ್ತ ತೆಗೆದುಕೊಂಡು ಹೋಗಿ ಯಂತ್ರಕ್ಕೆ ಹಾಕಿದೆ. ಆ ಪ್ರೋಟೀನು ಜಾಸ್ತಿ ಬಂತು. ಫೋನ್ ಮಾಡಿ ರೋಗ ಒಳಗೆ ಕೂತಿದೆ, ಸೊಪ್ಪು ಸುರಿಯಬೇಡ, ಪಕ್ಕದ ಮನೆಗೂ ಹರಡೀತು ಎಂದೆ. ಅವಳು ಎರಡು ಸಲ ಕೇಳಿದಳು. ಎರಡು ಸಲವೂ ಹೌದು ಎಂದೆ. ಸಾಯಂಕಾಲದೊಳಗೆ ಗುಂಡಿ ತೋಡಿಸಿ, ಸುಣ್ಣ ಹಾಕಿ, ಎಲ್ಲ ಹುಳುಗಳನ್ನೂ ಮುಚ್ಚಿಸಿದಳು.

ಪಕ್ಕದ ಮನೆಯವರು ಮರಿಹುಳು ತಂದಿದ್ದು ದೊಡ್ಡವ್ವ ತಂದ ಕಡೆಯಿಂದಲೇ, ಅದೇ ದಿನ. ಅವರ ಹುಳುಗಳು ಹಣ್ಣಾಗಿ ಗಟ್ಟಿ ಗೂಡು ಕಟ್ಟಿದವು.

ಆ ಸುದ್ದಿ ಕೇಳಿದ ಮೇಲೆ ಫ್ರೀಜರಿನಲ್ಲಿ ಉಳಿದಿದ್ದ ಎರಡೂ ಡಬ್ಬಿಗಳ ರಕ್ತ ತೆಗೆದೆ. ಈ ಸಲ ವಾರ ಬೇರೆ ಮಾಡದೆ, ರೋಗದ್ದೊಂದು, ಒಳ್ಳೆಯದೊಂದು ಎಂದು ಸರದಿಯಲ್ಲಿ ಒಂದೇ ಕೊಳವೆಯಲ್ಲಿ ಹಾಯಿಸಿದೆ. ವ್ಯತ್ಯಾಸ ಮಾಯ. ಕೊಳವೆ ಹಳತಾದಷ್ಟೂ ಆ ಪ್ರೋಟೀನಿನ ಲೆಕ್ಕ ಏರುತ್ತಿತ್ತು, ಅಷ್ಟೇ. ನಾನು ಅಳೆದದ್ದು ರೋಗವನ್ನಲ್ಲ, ಕೊಳವೆಯ ವಯಸ್ಸನ್ನು. ದೊಡ್ಡವ್ವನ ಹುಳುಗಳ ಸರದಿ ಬರುವ ಹೊತ್ತಿಗೆ ನಾನು ಹಾಕಿದ್ದ ಹೊಸ ಕೊಳವೆಯೂ ಸವೆದಿತ್ತು. ಮೇಡಂ ಪಟ್ಟಿ ನೋಡಿ, ರೋಗದ್ದು ಬೇರೆ ವಾರ, ಒಳ್ಳೆಯದು ಬೇರೆ ವಾರ ಯಾಕೆ ಮಾಡಿದೆ ಎಂದು ಕೇಳಿದರು. ರೋಗದ್ದು ಒಳ್ಳೆಯದಕ್ಕೆ ಅಂಟಬಾರದು ಅಂತ ಎಂದೆ. ಸತ್ತ ರಕ್ತ ಯಾರಿಗೆ ಅಂಟುತ್ತದೆ ಎಂದು ಹೇಳಿದ ಮೇಲೆ ನನಗೇ ಹೊಳೆಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ.

ಭಾನುವಾರ ಹೋಗಿ ದೊಡ್ಡವ್ವನಿಗೆ ಹೇಳಿದೆ. ಯಂತ್ರ, ಕೊಳವೆ, ವಾರ, ಎಲ್ಲ. ಅವಳು ಜಗಲಿ ಮೇಲೆ ಕೂತು ಕೇಳಿದಳು.

“ಹಂಗಾರೆ ನನ್ನ ಹುಳ ಚೆನ್ನಾಗಿದ್ವಾ?”

“ಗೊತ್ತಿಲ್ಲ ದೊಡ್ಡವ್ವ.” ನಿಜಕ್ಕೂ ಗೊತ್ತಿರಲಿಲ್ಲ. ಆ ಹತ್ತು ಹುಳುಗಳ ರಕ್ತವೂ ಅವತ್ತೇ ಮುಗಿದಿತ್ತು. ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅವಳು ಸಿಟ್ಟೇ ಇಲ್ಲದ ದನಿಯಲ್ಲಿ ಹೇಳಿದಳು:

“ಗುಂಡಿಗ್ ಸುರಿಯೋವಾಗ್ಲೂ ಸೊಪ್ಪು ಮೇಯ್ತಾನೇ ಇದ್ವು ಕಣವ್ವ. ಬ್ಯಾರೆ ಯಾರ್ ಹೇಳಿದ್ರೂ ನಾನ್ ಸುರೀತಿರ್ಲಿಲ್ಲ.”