ಹಾಡಿಗೆ ಮೊದಲು ಏಳು ಹೆಸರು

ಚಾಮರಾಜನಗರದ ಆಸ್ಪತ್ರೆಯಲ್ಲಿ ಕರುಣಮ್ಮ ಇಪ್ಪತ್ತೆರಡು ವರ್ಷ ಆಯಾ ಆಗಿದ್ದವಳು. ಹುಟ್ಟಿದ ಕೂಸನ್ನು ಮೀಯಿಸುವವಳೂ ಅವಳೇ, ಸತ್ತವರ ಮೈ ಒರೆಸುವವಳೂ ಅವಳೇ.

ಐವತ್ತಾರನೇ ಇಸವಿಯ ನವೆಂಬರಿನಲ್ಲಿ ಒಂದು ಶುಕ್ರವಾರ, ಪುಣಜನೂರಿನಿಂದ ಬರುತ್ತಿದ್ದ ಬಸ್ಸು ಮೋರಿ ಕುಸಿದು ಹಳ್ಳಕ್ಕೆ ಉರುಳಿತು. ಎದುರಿಗೆ ಬಂದ ಗುಂಡ್ಲುಪೇಟೆಯ ಲಾರಿ ಡ್ರೈವರ್ ಬಷೀರ್ ಅಹಮದ್ ಈರುಳ್ಳಿ ಮೂಟೆಗಳನ್ನೆಲ್ಲ ರಸ್ತೆಗೆ ಕೆಡವಿ, ಗಾಯಾಳುಗಳನ್ನು ಹೇರಿಕೊಂಡು ಆಸ್ಪತ್ರೆಗೆ ತಂದ. ಹನ್ನೊಂದು ಜನ ಉಳಿದರು. ಏಳು ಜನ ಉಳಿಯಲಿಲ್ಲ. ಏಳೂ ಮೈಗಳನ್ನು ಕರುಣಮ್ಮನೇ ಒರೆಸಿದಳು. ಶನಿವಾರ ಹೆಣ ಒಯ್ಯಲು ಬಂದ ಮನೆಯವರಿಂದ ಒಬ್ಬೊಬ್ಬರ ಹೆಸರನ್ನೂ ಕೇಳಿ ತಿಳಿದಳು.

ಭಾನುವಾರ ಚರ್ಚಿನಲ್ಲಿ ಸುಗ್ಗಿಯ ಸ್ತೋತ್ರಾರಾಧನೆ. ಮುಂದೆ ರಾಗಿ, ಅವರೆ, ಕುಂಬಳಕಾಯಿಗಳ ರಾಶಿ. ಉಪದೇಶಿ ಯೋಹಾನಪ್ಪನವರು ಹಾಡಿನ ನಂಬರು ಹೇಳಿದರು. ಯಾರಿಗೂ ದನಿ ಏಳಲಿಲ್ಲ. ಕರುಣಮ್ಮ ಎದ್ದು ನಿಂತಳು. ಆರಾಧನೆಯ ನಡುವೆ ಹೆಂಗಸರು ಮಾತಾಡುವ ರೂಢಿ ಅಲ್ಲಿರಲಿಲ್ಲ.

"ಅಯ್ನೋರೆ, ಹಾಡಕ್ಕೆ ಮುಂಚೆ ಸತ್ತೋರ ಹೆಸರು ಹೇಳನ. ಏಳೂ ನಂಗೊತ್ತು."

"ಅವರು ನಮ್ಮ ಸಭೆಯವರಲ್ಲವಲ್ಲಮ್ಮ," ಎಂದರು ಹಿರಿಯರೊಬ್ಬರು.

"ಮೈ ಒರೆಸುವಾಗ ಯಾವ ಸಭೆ ಅಂತ ನಾನು ಕೇಳ್ನಿಲ್ಲ."

ಉಪದೇಶಿಗಳು ಪುಸ್ತಕ ಮುಚ್ಚಿದರು. "ಹೇಳಮ್ಮ," ಎಂದರು.

ಶಿವಮಲ್ಲಪ್ಪ, ಮಹಬೂಬ್, ಮೂಗಮ್ಮ... ಅವಳು ಒಂದೊಂದೇ ಹೇಳಿದಳು. ಕೊನೆಯದು ಗಂಗಾಂಬಿಕೆ, ಚಂದಕವಾಡಿ ಪುಟ್ಟಮಲ್ಲಪ್ಪನ ಮಗಳು, ಹದಿನೇಳು ವರ್ಷದವಳು. ಸಭೆಯಲ್ಲಿ ಬಿಕ್ಕುವುದು ಕೇಳಿಸಿತು.

ಯೋಹಾನಪ್ಪನವರು ಸಮಾಧಾನದ ಮಾತೇನೂ ಹುಡುಕಲಿಲ್ಲ. "ಇದು ಯಾಕಾಯಿತೋ ತಿಳಿಯದು ಸ್ವಾಮಿ, ನಿನ್ನ ಮುಂದೆ ಅಳುತ್ತಿದ್ದೇವೆ," ಎಂದು ಪ್ರಾರ್ಥಿಸಿದರು. ಆಮೇಲೆ ಬದುಕಿದ ಹನ್ನೊಂದು ಜೀವಕ್ಕಾಗಿ, ಬಷೀರನ ತೋಳ್ಬಲಕ್ಕಾಗಿ ವಂದನೆ ಹೇಳಿದರು. ಆಗ ಹಾಡು ತಾನಾಗಿ ಎದ್ದಿತು. ಬೆಳೆಯ ಕಾಣಿಕೆಯೆಲ್ಲ ಅಂದೇ ಏಳು ಮನೆಗಳಿಗೆ ಹೋಯಿತು. ತಮ್ಮ ಕೈಯಲ್ಲಿ ಬೇಯಿಸಿದ್ದು ಎಲ್ಲ ಜಾತಿಮತದವರಿಗೂ ಸಲ್ಲದೆಂದು ಬೇಯಿಸದೆ ಹಾಗೆಯೇ ಕಳಿಸಿದರು.

ತಿಂಗಳ ಮೇಲೆ ಪುಟ್ಟಮಲ್ಲಪ್ಪ ಆಸ್ಪತ್ರೆಗೆ ಬಂದು ಕೈಮುಗಿದ. "ನನ್ ಮಗಳ ಹೆಸರ ನಿಮ್ ದೇವ್ರ ಮುಂದ ಯೋಳುದ್ರಂತ ಕಣವ್ವ. ಮನೇಲಿ ಅವ್ಳ ಹೆಸರೆತ್ತಕೆ ಯಾರ್ಗೂ ಧೈರ್ಯ ಇಲ್ಲ. ಇನ್ನೊಂದ್ಸಲ ಯೋಳವ್ವ, ನಾನೂ ಕೇಳ್ತೀನಿ."

"ಗಂಗಾಂಬಿಕೆ," ಎಂದಳು ಕರುಣಮ್ಮ.

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತ. ಆಮೇಲೆ ಮಗಳ ಮಾತು, ಅವಳ ತುಂಟತನ, ಅವಳ ಹಟ, ಒಂದೊಂದೇ ಹೇಳುತ್ತಾ ಹೋದ. ನಡುವೆ ಒಮ್ಮೆ ನಕ್ಕೂ ಬಿಟ್ಟ. ಕರುಣಮ್ಮ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳಿದಳು. ತನಗೆ ಈ ಕೆಲಸ ಕೊಟ್ಟದ್ದಕ್ಕೆ ದೇವರಿಗೆ ಅಂದು ಮನಸಾರೆ ಸ್ತೋತ್ರ ಹೇಳಿದಳು.