ಪಾತಿಗೆ ಹಾಕುವ ಉಪ್ಪು

ದ್ರಾಕ್ಷಾಯಣಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ತುರುವೇಕೆರೆ ಕಡೆಯ ನೆಂಟರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ತೂಕದಲ್ಲಿ ಮೋಸ ಮಾಡಿದ ಕೊಬ್ಬರಿ ದಲಾಲಿಗೆ ಅವನ ಅಂಗಡಿ ಮುಂದೆಯೇ ಬೆವರಿಳಿಸಿದ ಹೆಂಗಸು ಆಕೆ. ಆ ಕೋಪ ಇಲ್ಲದಿದ್ದರೆ ಗಂಡ ತೋಂಟದಾರ್ಯ ಇಷ್ಟು ಹೊತ್ತಿಗೆ ಹಾರ ಹಾಕಿಸಿಕೊಂಡು ಫೋಟೊದಲ್ಲಿ ಕೂತಿರುತ್ತಿದ್ದ.

ತೋಂಟದಾರ್ಯನಿಗೆ ಹಳೆಯ ಸಕ್ಕರೆ ಕಾಯಿಲೆ, ಕಿಡ್ನಿ ಅರ್ಧ ಸೋತಿತ್ತು. ಒಂದು ಬೆಳಗ್ಗೆ ಮಾತು ತೊದಲಿ, ಕೈಕಾಲು ಬಿದ್ದುಹೋಗಿ, ನಾಡಿ ಕುಗ್ಗಿತು. ತಿಪಟೂರಿನ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಿದರು. ತಲೆ ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು, ಕಾರಣ ಸಿಗಲಿಲ್ಲ. ಆಹಾರ ಬಿಡಲು ಮೂಗಿಗೆ ನಳಿಗೆ ಬಂತು.

ಆಗ ಮೈದುನ ಮರುಳಪ್ಪ ಬಾಟಲಿಯಲ್ಲಿ ಎಳನೀರು ತಂದ. ನಮ್ಮ ಕಡೆ ರೋಗಿಯನ್ನು ನೋಡಲು ಬರಿಗೈಲಿ ಹೋಗುವುದುಂಟೇ? ನಳಿಗೆಯಲ್ಲಿ ಬಿಡಿ ಎಂದು ನರ್ಸನ್ನು ಗೋಗರೆಯುತ್ತಿದ್ದ. ಬಾಟಲಿಯ ತಳದಲ್ಲಿ ಕರಗದ ಬಿಳಿ ಹರಳು ಕಂಡು ದ್ರಾಕ್ಷಾಯಣಮ್ಮ ಅವನ ಕೈ ಹಿಡಿದಳು.

"ಇದೇನು ಮರುಳಪ್ಪ?"

"ಅಣ್ಣಂಗೆ ಹೊಟ್ಟೆ ಕಟ್ಕಂಡದಲ್ಲ ಅತ್ಗೆ. ಗರಿ ಹಳದಿ ಆದ್ರೆ ತೆಂಗಿನ ಪಾತಿಗೆ ಹಾಕ್ತೀವಲ್ಲ, ಆ ಮೆಗ್ನೀಷಿಯಂ ಉಪ್ಪು. ಹೊಟ್ಟೆ ಸಲೀಸಾಗ್ಲಿ ಅಂತ ದಿನಾ ಕುಡೀತಿದ್ದ, ನಾನೇ ಹೇಳಿದ್ದೆ." ದನಿ ಇಳಿಸಿದ. "ಡಾಕ್ಟ್ರಿಗೆ ಹೇಳ್ಬ್ಯಾಡಿ. ಮರದ ಗೊಬ್ಬರ ತಿನ್ನೋ ಮನೆ ಅಂತ ಊರೆಲ್ಲ ನಗ್ತದೆ."

ಆಕೆಗೆ ಮೈಯೆಲ್ಲ ಉರಿದುಹೋಯಿತು. ಬಾಟಲಿ ಕಿತ್ತುಕೊಂಡು ಹೋಗಿ ಡಾಕ್ಟರ್ ಜೀವಿತಾಳ ಮೇಜಿನ ಮೇಲೆ ಕುಕ್ಕಿ, ಇದ್ದದ್ದೆಲ್ಲ ಹೇಳಿದಳು.

"ಗರಿ ಹಳದಿ ಆದ್ರೆ ನಾವು ಮಣ್ಣು ಪರೀಕ್ಷೆ ಮಾಡಿಸ್ತೀವಿ. ಮನುಷ್ಯ ಬಿದ್ರೆ ನೀವು ಇದನ್ಯಾಕೆ ನೋಡ್ಲಿಲ್ಲ ಕಣ್ರೀ?"

"ಸೋಡಿಯಂ, ಪೊಟ್ಯಾಸಿಯಂ ನೋಡಿದ್ವಿ. ಮೆಗ್ನೀಷಿಯಂ ಪರೀಕ್ಷೆಗೆ ಬೇರೆಯಾಗಿ ಬರೀಬೇಕು, ನಾನು ಬರೀಲಿಲ್ಲ. ತಪ್ಪಾಯ್ತಮ್ಮ" ಎನ್ನುತ್ತಲೇ ಡಾಕ್ಟರ್ ಲ್ಯಾಬಿಗೆ ಫೋನ್ ಮಾಡಿದಳು. ತಪ್ಪು ಒಪ್ಪಿಕೊಂಡವರ ಮೇಲೆ ಎಷ್ಟೆಂದು ಕೂಗುವುದು?

ರಕ್ತದಲ್ಲಿ ಮೆಗ್ನೀಷಿಯಂ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಇತ್ತು; ಸೋತ ಕಿಡ್ನಿ ಅದನ್ನು ಹೊರಹಾಕಿರಲಿಲ್ಲ. ಕ್ಯಾಲ್ಸಿಯಂ ಕೊಟ್ಟು ಡಯಾಲಿಸಿಸ್ ಮಾಡಿದರು. ಮರುದಿನ ತೋಂಟದಾರ್ಯ ಕಣ್ಣು ಬಿಟ್ಟ. ನಡೆದದ್ದು ತಿಳಿದ ಮೇಲೆ ಅವನಾಡಿದ ಮೊದಲ ಮಾತು ಇದು:

"ಯಾರ್ಗೂ ಹೇಳ್ಬ್ಯಾಡ ಕಣೇ. ಮನೆ ಮರ್ಯಾದೆ."

"ನೀವು ಸತ್ತಿದ್ರೂ ಮರ್ಯಾದೆ ಗುಂಡುಕಲ್ಲಿನಂಗೆ ಇರ್ತಿತ್ತು, ಬುಡಿ" ಎಂದಳು.

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಕಾಫಿಗಿಂತ ಮುಂಚೆ ಆ ಉಪ್ಪಿನ ಕತೆಯನ್ನೇ ಹೇಳಿದಳು. ಮರುಳಪ್ಪ ತಲೆ ತಗ್ಗಿಸಿಕೊಂಡು ಹಿತ್ತಲಿಗೆ ಹೋಗುತ್ತಿದ್ದ. ಕೆಲವರು ನಕ್ಕರು. ಸಂಪಿಗೆ ಊರಿನ ರೇವಣಸಿದ್ದಯ್ಯ ನಗಲಿಲ್ಲ. ಅವನಿಗೂ ಸಕ್ಕರೆ ಕಾಯಿಲೆ. ಲೋಟ ಕೆಳಗಿಟ್ಟ.

"ನಂಗೂ ಮರುಳಪ್ಪನೇ ಹೇಳಿದ್ದ ಕಣಮ್ಮ. ಇವತ್ತೂ ಕುಡ್ದೇ ಬಂದೆ. ಯಾಕೋ ಕಾಲು ಎತ್ತಿಡಕ್ಕಾಗ್ತಿಲ್ಲ."

ದ್ರಾಕ್ಷಾಯಣಮ್ಮ ಗಂಡನ ಕಡೆ ತಿರುಗಿದಳು. "ಈಗ ಹೇಳಿ. ಮರ್ಯಾದೆ ಉಳಿಸ್ಲೋ, ಇವರನ್ನ ಉಳಿಸ್ಲೋ?"

ಅವಳು ಹಿತ್ತಲಿಗೆ ಕೇಳುವಂತೆ ಕೂಗಿದಳು. "ಮರುಳಪ್ಪ, ಕಾರು ತೆಗಿ. ಈ ಸಲ ಡಾಕ್ಟ್ರಿಗೆ ನೀನೇ ಹೇಳು."