ಎಂಬತ್ತಕ್ಕೆ ಇಳಿದ ಪಾದ

ಲೋಕ ಗೆದ್ದವರಿಗೆ ಆನೆ, ಕುದುರೆ ಇದ್ದವು. ನಮ್ಮ ಸೋದರತ್ತೆಗೆ ಇದ್ದದ್ದು ಒಂದು ಝೆರಾಕ್ಸ್ ಯಂತ್ರ, ಒಂದು ಸ್ಟೂಲು, ಮೂರು ಜನ ನಿಂತರೆ ನಾಲ್ಕನೆಯವರು ಉಸಿರನ್ನು ಹೊರಗೇ ಬಿಟ್ಟು ಬರಬೇಕಾದ ಕೋಣೆ. ಅಲ್ಲಿಂದಲೇ ಆಕೆ ಇಪ್ಪತ್ತೆರಡು ವರ್ಷ ಶೇಕಡಾವಾರಿನ ಸಾಮ್ರಾಜ್ಯ ಆಳಿದಳು. ಎಂಥ ನಕ್ಷೆ ಬಂದರೂ ಕಣ್ಣಳತೆಯಲ್ಲೇ "ಎಪ್ಪತ್ತೊಂದು ಪರ್ಸೆಂಟಿಗೆ ಇಳಿಸಿದ್ರೆ ಹಾಳೇಲಿ ಕೂರುತ್ತೆ" ಎನ್ನುವಳು, ಕೂರುತ್ತಿತ್ತು. ಮನೆಯಲ್ಲೂ ಅದೇ ಚಾಳಿ. ಮಾವ ಜಂಬ ಕೊಚ್ಚಿಕೊಂಡರೆ "ಅರವತ್ತಕ್ಕೆ ಇಳಿಸಿ ಕೇಳಿಸ್ಕೊಳ್ಳೋ" ಎಂದು ನನಗೆ ಕಣ್ಣು ಹೊಡೆಯುವಳು.

ಒಂದು ಮಧ್ಯಾಹ್ನ ನಾನೂ ಅಲ್ಲೇ ಇದ್ದಾಗ ಪಕ್ಕದ ಅಂಗಡಿಯ ಬೂಟು ಹೊಲಿಯುವವನು ಹಾಳೆಯೊಂದನ್ನು ಹಿಡಿದು ನುಗ್ಗಿದ. ಅವನ ಮಗಳು ದೂರದ ಹಾಸ್ಟೆಲಿನಲ್ಲಿದ್ದಳು. ಶನಿವಾರ ಅವಳ ಓಟದ ಪಂದ್ಯ. ಬಲಪಾದ ತುಸು ಸೊಟ್ಟಗಿದ್ದುದರಿಂದ ರೆಡಿಮೇಡ್ ಬೂಟು ಅವಳ ಕಾಲಿಗೆ ಹೊಂದುತ್ತಿರಲಿಲ್ಲ. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಎರಡೂ ಪಾದಗಳ ಗೆರೆ ಎಳೆದು, ಲಕೋಟೆಗೆ ಹಿಡಿಯಲೆಂದು ಎಂಬತ್ತು ಪರ್ಸೆಂಟಿಗೆ ಕುಗ್ಗಿಸಿದ ಪ್ರತಿಯನ್ನು, ಹಾಗೆಂದು ಬರೆದು, ಕಳಿಸಿದ್ದಳು. ಹಾಸ್ಟೆಲಿಗೆ ಫೋನು ಭಾನುವಾರ ಮಾತ್ರ. ಬೂಟು ನಾಳೆ ಸಂಜೆಯ ಬಸ್ಸಿಗೆ ಹೋಗಬೇಕು. ತೊಗಲು ಉಳಿದಿದ್ದದ್ದು ಒಂದೇ ಜೊತೆಗೆ.

"ಅಕ್ಕಾ, ಇಪ್ಪತ್ತು ಕಮ್ಮಿ ಮಾಡಿದಾಳೆ. ನೀವು ಇಪ್ಪತ್ತು ಜಾಸ್ತಿ ಮಾಡಿ. ನೂರಾ ಇಪ್ಪತ್ತು ಒತ್ತಿ."

"ಒತ್ತಿದ್ರೆ ನಿಮ್ಮ ಮಗಳು ಬೆರಳು ಮಡಚ್ಕೊಂಡು ಓಡ್ಬೇಕಾಗುತ್ತೆ. ನೂರಾ ಇಪ್ಪತ್ತೈದು."

"ಆ ಐದು ಎಲ್ಲಿಂದ ಬಂತು? ಗಣಿತದಲ್ಲಿ ನಿಮಗೆಷ್ಟು ಬಂದಿತ್ತು?"

"ನೂರಕ್ಕೆ ಮೂವತ್ತೊಂದು. ಅದಕ್ಕೇ ಇಲ್ಲಿ ಕೂತಿರೋದು! ನೋಡಿ ಅಣ್ಣಾ, ಪಾದ ಇಪ್ಪತ್ತೈದು ಸೆಂಟಿಮೀಟರ್ ಅನ್ಕೊಳ್ಳಿ. ಅದರ ಇಪ್ಪತ್ತು ಪರ್ಸೆಂಟ್ ಐದು. ತೆಗೆದ್ರೆ ಉಳಿದದ್ದು ಇಪ್ಪತ್ತು. ಈಗ ಈ ಇಪ್ಪತ್ತರ ಇಪ್ಪತ್ತು ಪರ್ಸೆಂಟ್ ನಾಲ್ಕೇ. ಇನ್ನೊಂದು ಸೆಂಟಿಮೀಟರ್ ಯಾರಪ್ಪನ ಮನೆಗೆ ಹೋಯ್ತು?"

ಬೂಟಿನವನು ತಲೆ ಕೆರೆದುಕೊಂಡ. ಕತ್ತರಿ ಒಮ್ಮೆ ಆಡಿದರೆ ಮುಗಿಯಿತು. ಬಾಯಿಮಾತು ನಂಬುವುದು ಹೇಗೆ?

ಅತ್ತೆ ಅವನ ಲೆಕ್ಕಕ್ಕೊಂದು, ತನ್ನ ಲೆಕ್ಕಕ್ಕೊಂದು ಪ್ರತಿ ತೆಗೆದಳು. ಎರಡನ್ನೂ ಮತ್ತೆ ಎಂಬತ್ತಕ್ಕೆ ಇಳಿಸಿದಳು. ಮೊದಲು ಅವನದನ್ನು ಮಗಳ ಹಾಳೆಯ ಮೇಲಿಟ್ಟು, ಬಲಪಾದಕ್ಕೆ ಬಲಪಾದ ಹೊಂದಿಸಿ, ಟ್ಯೂಬ್‌ಲೈಟಿಗೆ ಹಿಡಿದಳು. ಮಗಳ ಪಾದದೊಳಗೆ ಇನ್ನೊಂದು ಪುಟ್ಟ ಪಾದ. ಸುತ್ತ ಬಿಳಿಯ ಸಂದು. ಆಮೇಲೆ ತನ್ನದನ್ನು ಹಿಡಿದಳು. ಗೆರೆಯ ಮೇಲೆ ಗೆರೆ ಹೋಗಿ ಮಲಗಿತು. ಹೆಬ್ಬೆರಳ ಬಳಿ ಪೆನ್ಸಿಲು ನಡುಗಿದ ಕಡೆ ಎರಡೂ ಗೆರೆಗಳು ಒಂದೇ ಸಮ ನಡುಗಿದ್ದವು. ಯಂತ್ರದ ಗುರುಗುಡುವಿಕೆ ನಿಂತಿತು. ನಾನೂ ಹತ್ತಿರ ಬಗ್ಗಿ ನೋಡಿದೆ. ನೂರಾರು ಮೈಲಿಯಾಚೆಯ ಹುಡುಗಿ ಆ ಬೆಳಕಿನಲ್ಲಿ ಬರಿಗಾಲಲ್ಲಿ ನಿಂತಂತಿತ್ತು.

"ನೂರಾ ಇಪ್ಪತ್ತೈದು" ಎಂದ ಬೂಟಿನವನು, ಮೆಲ್ಲಗೆ.

ಭಾನುವಾರ ಫೋನು ಬಂದದ್ದೇ ತಡ, ಓಡಿಬಂದ.

"ನಾಲ್ಕನೇ ಸ್ಥಾನ ಅಕ್ಕಾ! ಆದ್ರೆ ಬೂಟು ಕಾಲಿಗೆ ಅಂಟ್ಕೊಂಡ ಹಾಗಿತ್ತಂತೆ!"

"ಬೂಟಿನಳತೆ ನನ್ನದು, ಕಾಲಿನ ವೇಗ ನಿಮ್ಮ ಮನೆತನದ್ದು" ಎಂದಳು ಅತ್ತೆ.

ಅವನು ನಕ್ಕ. ಆದರೆ ಹೋಗಲಿಲ್ಲ. ಜೇಬಿನಿಂದ ಮಗಳ ಹಾಳೆಯನ್ನೂ ಅದಕ್ಕೆ ಗೆರೆ ಕೂಡಿದ ಪ್ರತಿಯನ್ನೂ ತೆಗೆದು ಮುಂದೆ ಚಾಚಿದ.

"ಇನ್ನೊಂದ್ಸಲ ಬೆಳಕಿಗೆ ಹಿಡೀರಿ ಅಕ್ಕಾ. ನೋಡ್ಬೇಕು ಅನ್ಸುತ್ತೆ."